ಅರೆಮಂಡಿಯಲ್ಲಿ ಅಳತೆ

ಹೋದ ಬುಧವಾರ ನಮ್ಮ ಚಾವಡಿ ಪಕ್ಕದ ಕೋಣೆಗೆ ಬೋರ್ಡು ಹಾಕಿದೆವು. ಮೇಲೆ ಕನ್ನಡ, ಕೆಳಗೆ ಮಲಯಾಳ. ನೃತ್ಯದ ಉಡುಪು ಹೊಲಿದು ಕೊಡುತ್ತೇವೆ, ಬಾಡಿಗೆಗೂ ಉಂಟು. ಬೋರ್ಡು ಬರೆಯಲಿಕ್ಕೆ ಹಿಡಿದದ್ದು ಎರಡು ದಿನ, ಖರ್ಚಾದದ್ದು 1,400 ರೂಪಾಯಿ. ಅದನ್ನು ಹಾಕುವಲ್ಲಿಗೆ ಬಂದು ಮುಟ್ಟಲಿಕ್ಕೆ ಮೂರು ವರ್ಷ ಹಿಡಿಯಿತು. ಫೋಟೋ ನೋಡಿ ಡ್ಯಾನ್ಸ್ ಕಲಿತ ನಾಲ್ಕೈದು ಜನ ಫೋನ್ ಮಾಡಿದರು. "ಅಕ್ಕ, ನಮಗೂ ಮಾಡ್ಲಿಕ್ಕೆ ಆಗ್ತದಾ? ಎಲ್ಲಿಂದ ಶುರು ಮಾಡುದು?" ಎಲ್ಲರಿಗೂ ಅದೇ ಕಥೆ ಹೇಳಿ ಹೇಳಿ ಬಾಯಿ ಒಣಗಿತು. ಅದಕ್ಕೆ ಬರೆದು ಇಡುತ್ತಿದ್ದೇನೆ.

ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಹತ್ತನೇ ವಯಸ್ಸಿನಿಂದ ಭರತನಾಟ್ಯ. 2022ರ ಡಿಸೆಂಬರಿನಲ್ಲಿ ಒಂದು ಜಾತ್ರೆಯ ವೇದಿಕೆಯಲ್ಲಿ ತಿಲ್ಲಾನ, ಅಂದರೆ ಕೊನೆಗೆ ಬರುವ ವೇಗದ ನೃತ್ಯ, ಮಾಡುವಾಗ ಬಲ ಮೊಣಕಾಲಿನೊಳಗೆ ಟಕ್ ಅಂತ ಒಂದು ಶಬ್ದ ಆಯಿತು. ನೋವು ಆಗ ಗೊತ್ತಾಗಲಿಲ್ಲ. ಮುಗಿಸಿ ನಮಸ್ಕಾರ ಮಾಡಿ ಇಳಿದೆ. ಮೆಟ್ಟಿಲಲ್ಲಿ ಕಾಲು ಮಡಚಲಿಲ್ಲ. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಮೆನಿಸ್ಕಸ್ ಹರಿದದ್ದು ಕಂಡಿತು. ಕೀಲಿನ ಮಧ್ಯೆ ಮೆತ್ತೆಯ ಹಾಗೆ ಇರುತ್ತದಲ್ಲ, ಅದು. ಡಾಕ್ಟರು ಮೊದಲು ಫಿಸಿಯೋಥೆರಪಿ ನೋಡೋಣ ಅಂದರು. ನಡೆಯಬಹುದು, ಮಕ್ಕಳಿಗೆ ಕಲಿಸಬಹುದು, ಆದರೆ ಪೂರ್ತಿ ಕೂತು ಏಳುವುದು, ಹಾರುವುದು ಬೇಡ. ಹಾಗಂದ ಮೇಲೆ ಉಳಿಯುವುದೇನು? ಭಾವ ತೋರಿಸುವ ಪದವೂ ಅಭಿನಯವೂ ಉಳಿಯುತ್ತದೆ ಅಂತ ನಮ್ಮ ಟೀಚರ್ ಸಮಾಧಾನ ಹೇಳಿದರು. ನಾನು ನೃತ್ತದವಳು, ತಾಳಕ್ಕೆ ಹೆಜ್ಜೆ ಹಾಕಿ ಕುಣಿಯುವವಳು. ನನಗೆ ಆ ಸಮಾಧಾನ ಹತ್ತಲಿಲ್ಲ.

ನಾಲ್ಕು ತಿಂಗಳು ಮನೆಯಲ್ಲೇ. ಒಂದು ದಿನ ಬೀರು ತೆಗೆದು ನನ್ನ ರಂಗಪ್ರವೇಶದ ಉಡುಪು ಹೊರಗೆ ಹಾಕಿದೆ. ಗಿಳಿ ಹಸಿರು ಬಣ್ಣ, ಕುಂಕುಮ ಕೆಂಪಿನ ಅಂಚು. ಚಾಪೆ ಹಾಸಿ ಕೂತು ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಲಿಕ್ಕೆ ಶುರು ಮಾಡಿದೆ. ಅಮ್ಮ ಅಡುಗೆ ಮನೆಯಿಂದ ಓಡಿ ಬಂದರು.

"ಎಂಥ ಮಾಡ್ತಿ ನೀನು? ಅದಕ್ಕೆ ಆಗ ಎಷ್ಟು ದುಡ್ಡು ಕೊಟ್ಟದ್ದು ಗೊತ್ತುಂಟಾ?"

"ಒಳಗೆ ಹೇಗೆ ಉಂಟು ಅಂತ ನೋಡುದು ಅಮ್ಮ."

ನಿಜ ಹೇಳಬೇಕೆಂದರೆ ಸಿಟ್ಟಿನಲ್ಲಿ ಬಿಚ್ಚಿದ್ದೆ. ಬಿಚ್ಚುತ್ತಾ ಹೋದ ಹಾಗೆ ಸಿಟ್ಟು ಇಳಿಯಿತು. ಹದಿನೆಂಟು ವರ್ಷ ಮೈಮೇಲೆ ಹಾಕಿದ್ದರ ಒಳಗನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮುಂದೆ ಬೀಸಣಿಗೆಯ ಹಾಗೆ ಬಿಡಿಸಿಕೊಳ್ಳುವ ಫ್ಯಾನಿನ ಪ್ರತಿ ನೆರಿಗೆಯ ಹಿಂದೆ ಸಣ್ಣ ಕೈಹೊಲಿಗೆ. ಸೊಂಟಪಟ್ಟಿಯೊಳಗೆ ಬಕ್ರಂ, ಗಟ್ಟಿ ನಿಲ್ಲಲಿಕ್ಕೆ ಹಾಕುವ ದಪ್ಪ ಬಟ್ಟೆ. ಪ್ಯಾಂಟಿನ ಪಕ್ಕದಲ್ಲಿ ಎರಡು ಇಂಚು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದರು. ಚಾಕಿನ ಗೆರೆ ಇನ್ನೂ ಅಳಿಸಿರಲಿಲ್ಲ. ಹದಿನಾರು ವರ್ಷದ ಹುಡುಗಿ ಮುಂದೆ ದಪ್ಪ ಆಗ್ತಾಳೆ ಅಂತ ಆ ಟೈಲರಿಗೆ ಗೊತ್ತಿತ್ತು. ಅವರು ಈಗ ಇಲ್ಲ.

ಬಿಚ್ಚಿದ ತುಂಡುಗಳನ್ನು ಒಂದೊಂದಾಗಿ ನ್ಯೂಸ್‌ಪೇಪರಿನ ಮೇಲಿಟ್ಟು ಗೆರೆ ಎಳೆದೆ. ಕುಪ್ಪಸ, ಪ್ಯಾಂಟಿನ ಎರಡು ಕಾಲು, ಮುಂದಿನ ಫ್ಯಾನ್, ಹಿಂದಿನ ಕಚ್ಚೆ, ಸೊಂಟದ ಪೀಸು, ಮೇಲ್ದಾವಣಿ. ಇವತ್ತಿಗೂ ಆ ಪೇಪರುಗಳೇ ನನ್ನ ಪಾಠಪುಸ್ತಕ. ಕಲಿಯಬೇಕು ಅನ್ನುವವರು ನಿಮ್ಮ ಹಳೆಯ ಒಂದು ಉಡುಪನ್ನು ಬಿಚ್ಚಿ. ವಿಡಿಯೋ ನೋಡಿ ಕಲಿಯುವುದಕ್ಕಿಂತ ಅದು ಒಳ್ಳೆಯದು. ಆದರೆ ಬಿಚ್ಚುವ ಮೊದಲು ಎಲ್ಲಾ ಬದಿಯಿಂದ ಫೋಟೋ ತೆಗೆಯಿರಿ. ನಾನು ತೆಗೆಯಲಿಲ್ಲ. ಕಚ್ಚೆಯ ಪೀಸು ಯಾವ ಕಡೆ ಮೇಲೆ ಅಂತ ತಿಳಿಯಲಿಕ್ಕೆ ಮೂರು ದಿನ ಹೋಯಿತು.

ಪೇಟೆಯಲ್ಲಿ ಆರು ತಿಂಗಳ ಹೊಲಿಗೆ ಕ್ಲಾಸಿಗೆ ಸೇರಿದೆ. ತಿಂಗಳಿಗೆ 800 ರೂಪಾಯಿ. ಬ್ಲೌಸು, ಚೂಡಿದಾರ, ಮಕ್ಕಳ ಫ್ರಾಕು. ಡ್ಯಾನ್ಸ್ ಡ್ರೆಸ್ಸು ಕಲಿಸಲಿಲ್ಲ. ಆದರೂ ಹೋದದ್ದು ದಂಡ ಆಗಲಿಲ್ಲ. ಕೈ ಕೂತದ್ದು ಅಲ್ಲಿಯೇ. ಕುಪ್ಪಸದ ಕಂಕುಳ ಹೊಲಿಗೆ ನೆಟ್ಟಗೆ ಬರದಿದ್ದರೆ ಉಳಿದದ್ದು ಎಷ್ಟು ಚಂದ ಇದ್ದರೂ ಸುಖವಿಲ್ಲ.

ಮೊದಲ ಉಡುಪು ಹೊಲಿದದ್ದು ನನ್ನದೇ ಡ್ಯಾನ್ಸ್ ಕ್ಲಾಸಿನ ಹನ್ನೆರಡು ವರ್ಷದ ಹುಡುಗಿಗೆ. ಅವಳ ಅಮ್ಮ ಧೈರ್ಯ ಮಾಡಿ ಸೀರೆ ತೆಗೆಸಿದರು. ಹೊಲಿಗೆ ಕ್ಲಾಸಿನಲ್ಲಿ ಕಲಿತ ಹಾಗೆ ಹುಡುಗಿಯನ್ನು ನಿಲ್ಲಿಸಿ ಅಳತೆ ತೆಗೆದೆ. ಹದಿನೈದು ದಿನ ಹೊಲಿದೆ. ಹಾಕಿಸಿದಾಗ ಕಣ್ಣು ತುಂಬುವಷ್ಟು ಚಂದ ಕಂಡಿತು. "ಎಲ್ಲಿ, ಒಮ್ಮೆ ಅರೆಮಂಡಿ ಕೂರು" ಅಂದೆ. ಮೊಣಕಾಲು ಎರಡು ಬದಿಗೆ ಮಡಚಿ ಅರ್ಧ ಕೂರುವ ಭಂಗಿ ಅದು. ಕೂತಳು. ತೊಡೆಸಂದಿನಲ್ಲಿ ಪರ್ರ್ ಅಂತ ಹರಿಯಿತು. ಫ್ಯಾನ್ ಬಿಡಿಸಿಕೊಳ್ಳುವ ಬದಲು ಹಗ್ಗದ ಹಾಗೆ ಬಿಗಿದು ಮೇಲೆ ಹೋಯಿತು. ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ ಹಾಗೆಯೇ ಕೂತಿದ್ದಳು. ಇಪ್ಪತ್ತನಾಲ್ಕು ವರ್ಷ ಕುಣಿದವಳು ನಾನು. ಉಡುಪು ಹಾಕುವುದು ನಿಲ್ಲಲಿಕ್ಕಲ್ಲ ಅನ್ನುವಷ್ಟೂ ತಲೆಗೆ ಹೋಗಲಿಲ್ಲ ಅಂದರೆ ನೋಡಿ.

ಆಮೇಲಿಂದ ಅಳತೆ ತೆಗೆಯುವ ಕ್ರಮವೇ ಬೇರೆ. ಹುಡುಗಿ ಅರೆಮಂಡಿಯಲ್ಲಿ ಕೂರಬೇಕು. ಸೊಂಟದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹಿಮ್ಮಡಿಯ ಮೇಲಿನವರೆಗೆ ಕಾಲು ಮಡಚಿದ ಹಾಗೆಯೇ ಟೇಪು ಓಡಿಸಬೇಕು. ಮುಖ್ಯವಾದದ್ದು ಒಂದು ಮೊಣಕಾಲಿನಿಂದ ಇನ್ನೊಂದು ಮೊಣಕಾಲಿಗೆ ಇರುವ ದೂರ. ಅಷ್ಟು ಅಗಲಕ್ಕೆ ಫ್ಯಾನ್ ಬಿಡಿಸಿಕೊಳ್ಳಬೇಕು, ಮೇಲೆ ಒಂದೆರಡು ಇಂಚು ಉಳಿಯಬೇಕು. ಆ ಹುಡುಗಿಗೆ ಅದು 23 ಇಂಚು. ಕುಪ್ಪಸಕ್ಕೆ ನಾಟ್ಯಾರಂಭದ ಭಂಗಿಯಲ್ಲಿ ಕೈ ಚಾಚಿ ನಿಲ್ಲಿಸುವುದು. ಕೈ ಇಳಿಬಿಟ್ಟು ಅಳೆದರೆ ಕೈ ಎತ್ತಿದ ಕೂಡಲೇ ಇಡೀ ಕುಪ್ಪಸ ಮೇಲೆ ಹೋಗುತ್ತದೆ. ಚೆನ್ನಾಗಿ ಕೂರುವವಳಿಗೂ ಅರ್ಧಂಬರ್ಧ ಕೂರುವವಳಿಗೂ ಅಳತೆ ಬೇರೆ ಬರುತ್ತದೆ. "ಇನ್ನೂ ಕೂರು, ಇನ್ನೂ" ಅಂತ ಹೇಳಲಿಕ್ಕೆ ಟೈಲರಿಗೆ ಬಾಯಿ ಬರುವುದಿಲ್ಲ, ನನಗೆ ಬರುತ್ತದೆ. ನನ್ನ ಹತ್ತಿರ ಹೆಚ್ಚಿಗೆ ಇರುವುದು ಅಷ್ಟೇ.

ಹರಿದದ್ದನ್ನು ಬಿಚ್ಚಿ, ತೊಡೆಸಂದಿಗೆ ಚೌಕ ತುಂಡು ಕೊಟ್ಟು ಸರಿ ಮಾಡಿದೆ. ಲೆಕ್ಕ ಹೀಗೆ: ಸೀರೆ 4,200, ಲೈನಿಂಗ್ 450, ಬಕ್ರಂ, ಹುಕ್ಕು, ನೂಲು, ಲೇಸು ಸೇರಿ 380. ತೆಗೆದುಕೊಂಡದ್ದು 6,000. ಉಳಿದದ್ದು 970. ಇಪ್ಪತ್ತೆರಡು ಗಂಟೆಯ ಕೆಲಸ. ಗಂಟೆಗೆ 44 ರೂಪಾಯಿ. ನಮ್ಮ ತೋಟದ ಅಡಿಕೆ ಸುಲಿಯುವವರು ಕೇಳಿದರೆ ನಗಾಡಿಯಾರು. ಮೊದಲ ಆರು ಉಡುಪಿಗೆ ಹೀಗೆಯೇ ಆಯಿತು. ಈಗ ಹೊಲಿಗೆಯ ಕೂಲಿ ಬೇರೆ, ಬಟ್ಟೆಯ ದುಡ್ಡು ಬೇರೆ ಅಂತ ಮೊದಲೇ ಹೇಳುತ್ತೇನೆ. ಕೂಲಿ 3,800. ಜಾಸ್ತಿ ಆಯ್ತಲ್ಲ ಅಂತ ಕೇಳುವವರು ಉಂಟು. ಫ್ಯಾನಿನ ಹಿಂಬದಿ ತೋರಿಸುತ್ತೇನೆ. ಸುಮ್ನೆ ಆಗುತ್ತಾರೆ.

ಇನ್ನು ಬಾಡಿಗೆಯ ವಿಷಯ. ಕೇರಳದಲ್ಲಿ ಡ್ಯಾನ್ಸ್ ಡ್ರೆಸ್ಸಿಗೆ ನಿಜವಾದ ಬೇಡಿಕೆ ಇರುವುದು ಶಾಲಾ ಕಲೋತ್ಸವಕ್ಕೆ, ಅಂದರೆ ಶಾಲಾ ಮಕ್ಕಳ ಕಲಾ ಸ್ಪರ್ಧೆಗೆ. ಶಾಲೆ, ಉಪಜಿಲ್ಲೆ, ಜಿಲ್ಲೆ, ಕೊನೆಗೆ ರಾಜ್ಯ. ಭರತನಾಟ್ಯ, ಕೂಚಿಪುಡಿ, ಮೋಹಿನಿಯಾಟ್ಟಂ, ಒಪ್ಪನ, ತಿರುವಾದಿರ, ನಮ್ಮ ಯಕ್ಷಗಾನ ಕೂಡ ಉಂಟು. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿಗೇ ಬಂದಿತ್ತು. ಆಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಾಡಿಗೆ ಉಡುಪು ದೂರದಿಂದ ತರಿಸಿ ನಮ್ಮ ಹುಡುಗಿಗೆ ಹೆಗಲಿನಲ್ಲಿ ಹನ್ನೊಂದು ಪಿನ್ನು ಚುಚ್ಚಿದ್ದು ನೆನಪಿದೆ. ಹನ್ನೊಂದು, ನಾನೇ ಎಣಿಸಿದ್ದು.

ಪಿನ್ನಿಲ್ಲದೆ ಒಂದೇ ಉಡುಪು ನಾಲ್ಕು ಮೈಗೆ ಹೇಗೆ ಕೂರಿಸುವುದು? ಉತ್ತರ ಸಿಕ್ಕಿದ್ದು ಯಕ್ಷಗಾನದ ಚೌಕಿಯಲ್ಲಿ, ವೇಷ ಕಟ್ಟುವ ಜಾಗದಲ್ಲಿ. ನನ್ನ ಸೋದರಮಾವ ಮೇಳವೊಂದರಲ್ಲಿ ವೇಷಭೂಷಣದ ಕೆಲಸದಲ್ಲಿದ್ದವರು. ಕುಂಬಳೆ ಸೀಮೆ ಅಂದರೆ ಯಕ್ಷಗಾನದ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು, ನಮ್ಮಲ್ಲಿ ಮನೆಗೊಬ್ಬರಾದರೂ ಚೌಕಿ ಕಂಡವರು ಇರುತ್ತಾರೆ. ಒಂದು ರಾತ್ರಿ ಮಾವನ ಜೊತೆ ಚೌಕಿಯ ಮೂಲೆಯಲ್ಲಿ ಕೂತು ನೋಡಿದೆ. ಇಜಾರು, ದಗಲೆ, ಬಾಲ್ಮುಂಡು, ಎದೆಕಟ್ಟು, ಭುಜಕೀರ್ತಿ, ಒಂದರ ಮೇಲೊಂದು ಬಿಗಿದು ಕಟ್ಟುತ್ತಾ ಹೋಗುವುದು. ಇವತ್ತು ದಪ್ಪದವರು ಕಟ್ಟಿದ್ದನ್ನೇ ನಾಳೆ ತೆಳ್ಳಗಿನವರು ಕಟ್ಟುತ್ತಾರೆ. ಹಾರಿ ಧಿಗಿಣ ಹೊಡೆದರೂ ಅಲ್ಲಾಡುವುದಿಲ್ಲ.

"ನಿನ್ನ ಡ್ರೆಸ್ಸಿನ ಹುಕ್ಕು ತುಂಡಾದ್ರೆ ಎಂಥ ಮಾಡ್ತಿ?" ಮಾವ ಕೇಳಿದರು.

"ಪಿನ್ನು ಹಾಕುದು."

"ಪಿನ್ನು ಚುಚ್ಚಿದ್ರೆ?"

ನಾನು ಮಾತಾಡಲಿಲ್ಲ. ಮಾವ ಎದೆಕಟ್ಟಿನ ಲಾಡಿ ಬಿಚ್ಚಿ, ಬೇರೆ ಜಾಗದಲ್ಲಿ ಗಂಟು ಹಾಕಿ ತೋರಿಸಿ ಬೀಡಾ ಬಾಯಿಗೆ ಹಾಕಿಕೊಂಡರು.

ಈಗ ನನ್ನ ಬಾಡಿಗೆ ಉಡುಪುಗಳಿಗೆ ಸೊಂಟದಲ್ಲಿ ಒಳಗಿನಿಂದ ಲಾಡಿ, ಹೊರಗಿನಿಂದ ಮೂರು ಸಾಲು ಹುಕ್ಕು. ತೂಕವೆಲ್ಲ ಲಾಡಿಯ ಮೇಲೆ, ಹುಕ್ಕು ಬರೀ ಚಂದಕ್ಕೆ. ಕುಪ್ಪಸದ ಬೆನ್ನಿಗೂ ಹಾಗೆಯೇ. ಕಂಕುಳಿನಲ್ಲಿ ಬಿಚ್ಚಿ ತೊಳೆಯಬಹುದಾದ ಕಾಟನ್ ತುಂಡು. ರೇಷ್ಮೆ ತೊಳೆಯಲಿಕ್ಕಿಲ್ಲವಲ್ಲ, ಬೆವರಿನ ವಾಸನೆ ಹೋಗುವುದಿಲ್ಲ. ಬಾಡಿಗೆಗೆ ಕೊಡುವವರು ಮುಂಗಡ ಹಣ ಹಿಡಿಯದೆ ಕೊಡಬೇಡಿ. ಮೊದಲ ಸೀಸನ್ನಿನಲ್ಲಿ ಪರಿಚಯದವರು ಅಂತ ದಾಕ್ಷಿಣ್ಯಕ್ಕೆ ಕೊಟ್ಟೆ. ಒಂದು ಮೇಲ್ದಾವಣಿ ವಾಪಸು ಬರಲೇ ಇಲ್ಲ. ಇನ್ನೊಂದು ಉಡುಪು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಂತು, ನೆರಿಗೆಯೆಲ್ಲ ಸತ್ತು. ಫ್ಯಾನನ್ನು ಒತ್ತಾಗಿ ಜೋಡಿಸಿ, ಸುರುಳಿ ಸುತ್ತಿ, ಬಟ್ಟೆಯ ಪಟ್ಟಿಯಿಂದ ಕಟ್ಟಿ ಇಡಬೇಕು. ಈಗ ಅದನ್ನು ಮಾಡಿ ತೋರಿಸಿಯೇ ಕೈಗೆ ಕೊಡುವುದು.

ಒಂದು ಪ್ರಯೋಗ ಕೆಟ್ಟದ್ದನ್ನೂ ಹೇಳಬೇಕು. ಕಾಸರಗೋಡು ಸೀರೆ ನಿಮಗೆ ಗೊತ್ತಲ್ಲ, ನಮ್ಮಲ್ಲಿ ಮಗ್ಗದಲ್ಲಿ ನೇಯುವ ಹತ್ತಿಯ ಸೀರೆ, ಭೌಗೋಳಿಕ ಸೂಚಿಕೆ ಸಿಕ್ಕಿದ್ದು. ಊರಿನ ಸೀರೆಯಲ್ಲೇ ಭರತನಾಟ್ಯದ ಉಡುಪು ಹೊಲಿಯಬೇಕು ಅಂತ ಹಠ ಹುಟ್ಟಿತು. ಗಂಜಿ ಹಾಕಿ ಇಸ್ತ್ರಿ ಮಾಡಿದಾಗ ನೆರಿಗೆ ಕತ್ತಿಯ ಅಲಗಿನ ಹಾಗೆ ನಿಂತಿತು. ಹುಡುಗಿ ಹದಿನೈದು ನಿಮಿಷ ಕುಣಿದಳು. ನಮ್ಮ ಸೆಕೆ, ಮೇಲಿನಿಂದ ಲೈಟು. ಬೆವರಿಗೆ ಗಂಜಿ ಕರಗಿ ಫ್ಯಾನ್ ಒದ್ದೆ ಬೈರಾಸಿನ ಹಾಗೆ ಜೋತುಬಿತ್ತು. ಸೀರೆಯ ತಪ್ಪಲ್ಲ, ನನ್ನದು. ಅದೇ ಸೀರೆಯನ್ನು ಅಭ್ಯಾಸದ ಸೀರೆಯಾಗಿ ಹೊಲಿದರೆ ಅದರಷ್ಟು ಹಾಯಾದದ್ದು ಬೇರೆ ಇಲ್ಲ. ಈಗ ಹಾಗೆ ಕೊಡುತ್ತಿದ್ದೇನೆ, ಚೆನ್ನಾಗಿ ಹೋಗುತ್ತದೆ.

ಆಭರಣ ಬೇಕಾದವರು ಒಮ್ಮೆ ನಾಗರ್‌ಕೋವಿಲಿನ ವಡಸೇರಿಗೆ ಹೋಗಿ ಬನ್ನಿ. ಕೆಂಪು ಕಲ್ಲಿನ ದೇವಾಲಯದ ಆಭರಣ ಮಾಡುವವರು ಅಲ್ಲಿದ್ದಾರೆ. ಬೆಳ್ಳಿಯ ಮೇಲೆ ಚಿನ್ನದ ರೇಕು ಕೂರಿಸಿದ ಅಸಲಿ ಸೆಟ್ಟಿನ ಬೆಲೆ ಕೇಳಿ ನಾನು ತಣ್ಣಗಾದೆ. ಬಾಡಿಗೆಗೆ ತಾಮ್ರದ ಮೇಲೆ ಬಣ್ಣ ಕೊಟ್ಟದ್ದು ಎರಡು ಸೆಟ್ಟು ತಂದೆ.

ಈಗ ಕಾಗದಪತ್ರ. ಇದನ್ನು ಓದಲಿಕ್ಕೆ ಬೇಸರ ಆಗಬಹುದು, ಆದರೆ ನನಗೆ ಜಾಸ್ತಿ ಸುಸ್ತಾದದ್ದು ಇಲ್ಲಿಯೇ.

ಮೊದಲು ಉದ್ಯಮ್ ನೋಂದಣಿ, ಸಣ್ಣ ಉದ್ಯಮದವರು ಸರಕಾರದಲ್ಲಿ ಹೆಸರು ಬರೆಸುವುದು. ಇಂಟರ್ನೆಟ್ಟಿನಲ್ಲಿ ಹುಡುಕಿ ಮೊದಲು ಕಂಡ ತಾಣದಲ್ಲಿ ತುಂಬಿಸಿ 1,500 ರೂಪಾಯಿ ಕಟ್ಟಿದೆ. ಆಮೇಲೆ ತಿಳಿಯಿತು, ಸರಕಾರದ ತಾಣದಲ್ಲಿ ಅದಕ್ಕೆ ಒಂದು ಪೈಸೆಯೂ ಇಲ್ಲ. ಆಧಾರ್, ಪಾನ್, ಫೋನಿಗೆ ಬರುವ ಒಟಿಪಿ ಇದ್ದರೆ ಅರ್ಧ ಗಂಟೆಯ ಕೆಲಸ. ದುಡ್ಡು ಕೇಳಿದರೆ ಅದು ಸರಕಾರದ್ದಲ್ಲ ಅಂತ ತಿಳಿಯಿರಿ.

ಆಮೇಲೆ ಪಿಎಂ ವಿಶ್ವಕರ್ಮ. ಕೈಕಸುಬಿನವರಿಗೆ ಅಂತ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಕೇಂದ್ರ ಸರಕಾರದ ಯೋಜನೆ, ಹದಿನೆಂಟು ಕಸುಬುಗಳಲ್ಲಿ ದರ್ಜಿ ಒಂದು. ಮನೆಯಿಂದ ಒಬ್ಬರಿಗೆ ಮಾತ್ರ, ಸರಕಾರಿ ಕೆಲಸದವರ ಮನೆಯವರಿಗಿಲ್ಲ. ನೃತ್ಯದ ಉಡುಪಿಗೆ ಬೇರೆ ಕಾಲಂ ಇಲ್ಲ, ದರ್ಜಿ ಅಂತಲೇ ಹಾಕಬೇಕು. ಸರಕಾರಿ ಅರ್ಜಿ ಹಾಕುವ ಸಿಎಸ್‌ಸಿ ಕೇಂದ್ರದಲ್ಲಿ ಬೆರಳಚ್ಚು ಕೊಡಲಿಕ್ಕೆ ಹೋದರೆ ಯಂತ್ರ ನನ್ನ ಬೆರಳು ಹಿಡಿಯುವುದಿಲ್ಲ! ಸೂಜಿ ಚುಚ್ಚಿ, ಇಸ್ತ್ರಿ ತಾಗಿ ತುದಿ ಸವೆದುಹೋಗಿದೆ. ಮೂರು ಸಲ ಹೋದೆ. ನಾಲ್ಕನೇ ಸಲ ಅಲ್ಲಿನ ಹುಡುಗ "ಚೇಚಿ, ಎರಡು ದಿನ ಹೊಲಿಬೇಡಿ, ತೆಂಗಿನೆಣ್ಣೆ ಹಚ್ಚಿ ಬನ್ನಿ" ಅಂದ. ಹಾಗೆ ಮಾಡಿದ ಮೇಲೆ ಎಡಗೈಯ ಉಂಗುರ ಬೆರಳು ಹಿಡಿಯಿತು.

ಮುಂದಿನದು ಹೆಸರಿನ ಗೋಳು. ಗಡಿನಾಡಿನವರಿಗೆ ಇದು ಹೊಸತಲ್ಲ. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಶಿಯಲ್, ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ ಗಂಡನ ಮನೆ ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಬರೀ ಹೆಸರು. ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಒಂದು ಅಕ್ಷರವೂ ಬದಲಾಗಿದೆ. ಮೂವರೂ ಒಬ್ಬಳೇ ಅಂತ ಸಾಬೀತು ಮಾಡಲಿಕ್ಕೆ ಒಂದು ಕಚೇರಿಗೆ ಐದು ಸಲ ಅಲೆದೆ. ನಾನು ಮಲಯಾಳ ಮಾತಾಡುತ್ತೇನೆ, ಓದುವಾಗ ತಡವರಿಸುತ್ತೇನೆ. ಒಂದು ದಿನ ಅರ್ಥವಾಗದ ಫಾರ್ಮಿಗೆ ಸಹಿ ಹಾಕುವುದಿಲ್ಲ, ಕನ್ನಡದ್ದು ಕೊಡಿ ಅಂತ ಕೂತೆ. ಇಲ್ಲ ಅಂದರು. ಕೊನೆಗೆ ಪಕ್ಕದ ಮನೆಯ ಪ್ಲಸ್ ಟು ಹುಡುಗಿಯನ್ನು ಕರೆದುಕೊಂಡು ಹೋಗಿ ಓದಿಸಿಕೊಂಡೆ. ನೀವು ಅರ್ಜಿ ಹಾಕುವ ಮೊದಲೇ ಮೂರು ದಾಖಲೆಯಲ್ಲೂ ಹೆಸರು ಒಂದೇ ಮಾಡಿಕೊಳ್ಳಿ. ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಪಂಚಾಯತ್ ಹಂತ ದಾಟಿ ಜಿಲ್ಲೆಗೆ ಹೋಗಿ, ಅಲ್ಲಿಂದ ಮತ್ತೊಂದು ಹಂತ. ಏಳು ತಿಂಗಳು. ಮರೆತೇ ಬಿಟ್ಟಿದ್ದಾಗ ಮೆಸೇಜು ಬಂತು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000ದ ಇ-ವೋಚರ್. ಕಲಿಸಿದ್ದು ಬ್ಲೌಸೇ. ಆದರೆ ಬಟ್ಟೆಯ ಅಂಚು ಬಿಚ್ಚದ ಹಾಗೆ ಹೊಲಿಯುವ ಓವರ್‌ಲಾಕ್ ಯಂತ್ರ ಕೈಗೆ ಸಿಕ್ಕಿದ್ದು ಅಲ್ಲಿ ಮೊದಲು. ಸಾಲದ ಮೊದಲ ಕಂತು ಒಂದು ಲಕ್ಷದವರೆಗೆ, ಬಡ್ಡಿ ಶೇಕಡಾ 5, ಹದಿನೆಂಟು ತಿಂಗಳಲ್ಲಿ ತೀರಿಸಬೇಕು. ತಿಂಗಳಿಗೆ 5,800ರ ಹತ್ತಿರ. ಬ್ಯಾಂಕಿನವರು "ಡ್ಯಾನ್ಸ್ ಡ್ರೆಸ್ಸು ವರ್ಷಪೂರ್ತಿ ಹೋಗ್ತದಾ?" ಅಂತ ಕೇಳಿದರು. ನ್ಯಾಯದ ಪ್ರಶ್ನೆ. ಹೋಗುವುದಿಲ್ಲ. ಜೂನ್, ಜುಲೈ ಮಳೆಯಲ್ಲಿ ಒಂದು ಆರ್ಡರೂ ಇರುವುದಿಲ್ಲ. ಆ ತಿಂಗಳ ಕಂತು ಡಿಸೆಂಬರಿನಲ್ಲೇ ತೆಗೆದಿಡಬೇಕು. ಮೊದಲ ಮಳೆಗಾಲದಲ್ಲಿ ನಾನು ತೆಗೆದಿಟ್ಟಿರಲಿಲ್ಲ, ಬಳೆ ಅಡ ಹೋಯಿತು. ಬಿಡಿಸಿದ್ದೇನೆ ಈಗ.

ಲೈಸೆನ್ಸಿಗೆ ಕೇರಳ ಸರಕಾರದ ಕೆ-ಸ್ವಿಫ್ಟ್ ತಾಣದ ಮೂಲಕ ಹೋಗುವುದು ಸುಲಭ. ಸಣ್ಣ ಉದ್ಯಮಕ್ಕೆ ಅಲ್ಲಿ ಸಿಗುವ ಸ್ವೀಕೃತಿ ಪತ್ರದಲ್ಲಿ ಮೂರು ವರ್ಷ ನಡೆಸಬಹುದು, ಅದು ಮುಗಿದು ಆರು ತಿಂಗಳೊಳಗೆ ಉಳಿದ ಲೈಸೆನ್ಸು ಮಾಡಿಸಿಕೊಳ್ಳಬೇಕು. ಇದು ಮೊದಲೇ ಗೊತ್ತಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ನಾನು ಎಣಿಸಿಯೇ ಇರದ ತೊಡಕು ಬಂದದ್ದು ರಾಜ್ಯದ ಗಡಿ ತಲಪಾಡಿಯಿಂದ ಆಚೆ. ಮಂಗಳೂರಿನ ಒಂದು ಡ್ಯಾನ್ಸ್ ಕ್ಲಾಸಿನವರು ಎಂಟು ಉಡುಪು ಹೇಳಿದರು. ನಮಗೆ ಮಂಗಳೂರು ಅಂದರೆ ಪಕ್ಕದ ಪೇಟೆ. ಆಸ್ಪತ್ರೆಗೂ ಅಲ್ಲಿಗೆ, ಮದುವೆ ಜವಳಿಗೂ ಅಲ್ಲಿಗೆ. ಜಿಎಸ್‌ಟಿಗೆ ಮಾತ್ರ ಅದು ಹೊರ ರಾಜ್ಯ. ಹೊಲಿದ ಸಿದ್ಧ ಉಡುಪನ್ನು ಮಾರಿ ರಾಜ್ಯದ ಗಡಿ ದಾಟಿಸಿದರೆ ವ್ಯಾಪಾರ ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕಾಗುತ್ತದೆ ಅಂತ ಲೆಕ್ಕ ನೋಡುವವರು ಹೇಳಿದರು. ಸೀರೆ ಅವರದೇ ಆಗಿ ನಾನು ಬರೀ ಹೊಲಿದು ಕೊಟ್ಟರೆ ಅದು ಸೇವೆ, ವರ್ಷಕ್ಕೆ 20 ಲಕ್ಷದವರೆಗೆ ಆ ತಾಪತ್ರಯ ಇಲ್ಲ. ಈಗ ಮಂಗಳೂರಿನವರು ಸೀರೆ ಅವರೇ ತೆಗೆದು ತರುತ್ತಾರೆ. ನನಗೂ ಒಳ್ಳೆಯದೇ ಆಯಿತು, ಬಣ್ಣ ಸರಿಯಿಲ್ಲ ಅಂತ ನನ್ನನ್ನು ಬೈಯುವ ಹಾಗಿಲ್ಲ. ನಿಮ್ಮ ಲೆಕ್ಕ ಬೇರೆ ಇರಬಹುದು, ಆರ್ಡರು ಒಪ್ಪುವ ಮೊದಲು ಒಮ್ಮೆ ಕೇಳಿಕೊಳ್ಳಿ.

ವೇದಿಕೆ ಬಿಟ್ಟದ್ದಕ್ಕೆ ಬೇಸರ ಇಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಹೋದ ವರ್ಷ ಜಿಲ್ಲಾ ಕಲೋತ್ಸವದಲ್ಲಿ ಪರದೆಯ ಬದಿಯಲ್ಲಿ ಸೂಜಿ ನೂಲು ಹಿಡಿದು ನಿಂತಿದ್ದೆ. ರಾತ್ರಿ ಒಂದು ಗಂಟೆ ದಾಟಿತ್ತು. ಹುಡುಗಿ ನನ್ನದೇ ತಿಲ್ಲಾನ ಕುಣಿಯುತ್ತಿದ್ದಳು. ನಾನು ಅವಳ ಹೆಜ್ಜೆ ನೋಡಲೇ ಇಲ್ಲ. ಪ್ರತಿ ಸಲ ಕೂತು ಏಳುವಾಗ ಫ್ಯಾನ್ ತೆರೆದು ಮುಚ್ಚುತ್ತದಾ, ಎಡಬದಿಯ ಮೂರನೇ ನೆರಿಗೆ ಸಿಕ್ಕಿಹಾಕಿಕೊಳ್ಳುತ್ತದಾ, ಅಷ್ಟೇ ನೋಡಿದೆ. ಮುಗಿದ ಮೇಲೆ ಟೀಚರ್ ಕೇಳಿದರು, "ಹೇಗಾಯ್ತು?" "ಮೂರನೇ ನೆರಿಗೆಗೆ ಇನ್ನೊಂದು ಟಾಕಾ ಬೇಕು" ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ಅಂದ ಹಾಗೆ ಆ ಗಿಳಿ ಹಸಿರು ಉಡುಪನ್ನು ಮತ್ತೆ ಜೋಡಿಸಿದೆ. ಒಳಗೆ ಬಿಟ್ಟಿದ್ದ ಎರಡು ಇಂಚು ಈಗ ಬಳಕೆಗೆ ಬಂತು. ಮೊದಲು ಹರಿದುಕೊಂಡ ಹುಡುಗಿಗೇ, ಅವಳೀಗ ಹದಿನೈದಕ್ಕೆ ಬಂದಿದ್ದಾಳೆ, ನನಗಿಂತ ಉದ್ದ. ಇವತ್ತು ನಾಲ್ಕು ಗಂಟೆಗೆ ಹಾಕಿ ನೋಡಲಿಕ್ಕೆ ಬರುತ್ತಾಳೆ. ಬೆಳಗ್ಗಿನಿಂದ ಕರೆಂಟಿಲ್ಲ, ಫ್ಯಾನಿನ ಇಸ್ತ್ರಿ ಬಾಕಿ ಉಂಟು. ಅಮ್ಮ ಅಟ್ಟದಿಂದ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ ಇಳಿಸಿ ಒಲೆಯಲ್ಲಿ ತೆಂಗಿನ ಗೆರಟೆ ಉರಿಸುತ್ತಿದ್ದಾರೆ.